ಈ ವಾರವೆಲ್ಲ ಒಣಹವೆಯಂತೆ: ರಾಗಿ ಕೊಯ್ದು ಹೊಲದಲ್ಲೇ ಬಿಡಬಹುದೇ?

ಪ್ರಶ್ನೆ (ಯಲಹಂಕ)

ದೊಡ್ಡಬಳ್ಳಾಪುರದ ಬಳಿ ನಮ್ಮ ತಂದೆಯವರು ಹಾಕಿರುವ ರಾಗಿ ಕೊಯ್ಲಿಗೆ ಬಂದಿದೆ. ನವೆಂಬರ್‌ನ ಈ ವಾರ ದಕ್ಷಿಣ ಒಳನಾಡಿನಲ್ಲಿ ಏಳು ದಿನವೂ ಒಣಹವೆ ಇರುವುದೆಂದೂ, ಬೆಂಗಳೂರಿನಲ್ಲಿ ಗರಿಷ್ಠ ಉಷ್ಣಾಂಶ 28 ಡಿಗ್ರಿ, ಕನಿಷ್ಠ 17 ಡಿಗ್ರಿಯ ಆಸುಪಾಸಿನಲ್ಲಿರುವುದೆಂದೂ ಮುನ್ಸೂಚನೆ ಹೇಳುತ್ತಿದೆ. ಕೂಲಿಯಾಳುಗಳು ಸಿಕ್ಕಿರುವಾಗಲೇ ಇಡೀ ಹೊಲವನ್ನು ಒಂದೇ ಸಲ ಕೊಯ್ಸಿಬಿಡೋಣವೆಂಬುದು ನನ್ನ ಎಣಿಕೆ. ತಂದೆಯವರು 2021ರ ನವೆಂಬರ್ ಮಳೆಯನ್ನು ನೆನೆದು ಹಿಂಜರಿಯುತ್ತಿದ್ದಾರೆ. ಕೊಯ್ದ ರಾಗಿಯನ್ನು ಅರಿಯಲ್ಲೇ (ಕೊಯ್ದು ಹೊಲದಲ್ಲಿ ಹರಡಿಟ್ಟ ಹಿಡಿಗಳಲ್ಲೇ) ಒಣಗಲು ಬಿಡುವಷ್ಟರ ಮಟ್ಟಿಗೆ ಈ ಮುನ್ಸೂಚನೆಯನ್ನು ನಂಬಬಹುದೇ?

ಉತ್ತರ 1 (ಮಲ್ಲೇಶ್ವರ)

ಮೊದಲ ಮೂರು ದಿನಗಳನ್ನು ನಂಬಬಹುದು. ಉಳಿದ ನಾಲ್ಕನ್ನು ಪ್ರತಿದಿನವೂ ಹೊಸದಾಗಿ ನೋಡಿಕೊಳ್ಳಬೇಕು.

ನೈಋತ್ಯ ಮುಂಗಾರು ಅಕ್ಟೋಬರ್ ನಡುವಿನ ಹೊತ್ತಿಗೆ ನಮ್ಮಿಂದ ಹಿಂದೆ ಸರಿದ ಮೇಲೆ ಬೆಂಗಳೂರಿಗೆ ಬರುವ ಮಳೆ ಬಹುಪಾಲು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಕೊಡುಗೆ. ಒಂದು ಕುಸಿತ ಕರಗಿ ಇನ್ನೊಂದು ಹುಟ್ಟುವ ನಡುವೆ, ಉತ್ತರದ ಭೂಭಾಗದ ಮೇಲೆ ಒತ್ತಡ ಹೆಚ್ಚಿರುವುದರಿಂದ, ಅಲ್ಲಿಂದ ಒಣಗಾಳಿ ದಖ್ಖನ್ನಿನ ಮೇಲೆ ಹಾದುಬರುತ್ತದೆ. ಮೋಡವಿಲ್ಲದ ಆಕಾಶದಿಂದಾಗಿ ಹಗಲು ಹಿತವಾಗಿ ಬೆಚ್ಚಗಿದ್ದು, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಸೂರ್ಯ ಮುಳುಗುತ್ತಲೇ ನೆಲ ಬೇಗ ತಣ್ಣಗಾಗುತ್ತದೆ. ಈ ವಾರ ಅಂಥದೊಂದು ಬಿಡುವು. ಆ ಬಿಡುವು ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಅಂಡಮಾನ್ ಸಮುದ್ರ ನಿರ್ಧರಿಸುತ್ತದೆ. ಅಲ್ಲಿ ಹುಟ್ಟುವ ಕುಸಿತವು ತೀರ ಮುಟ್ಟಲು ಹಲವು ದಿನಗಳೇ ಬೇಕಾಗುವುದರಿಂದ, ಆರನೆಯ, ಏಳನೆಯ ದಿನದ ಮುನ್ಸೂಚನೆಯು ಎಷ್ಟೋ ಸಲ ಇನ್ನೂ ಹುಟ್ಟದ ಕುಸಿತದ ಲೆಕ್ಕಾಚಾರವಾಗಿರುತ್ತದೆ.

ಕುಸಿತ ಹುಟ್ಟಿದ ಮಾತ್ರಕ್ಕೆ ಗಾಬರಿ ಬೇಡ. ಅದು ಒಡಿಶಾದ ಕಡೆ ತಿರುಗಿದರೆ ನಮ್ಮಲ್ಲಿ ಒಣಹವೆಯೇ ಮುಂದುವರಿಯಬಹುದು. ಉತ್ತರ ತಮಿಳುನಾಡಿನತ್ತ ಬಂದರೆ ಮಾತ್ರ ಕಷ್ಟ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ತೀರ ದಾಟಿದಾಗ ಬೆಂಗಳೂರಿನಲ್ಲಿ ಬಿಸಿಲು ಕಾಣದೆ ಜಿಟಿಜಿಟಿ ಹಿಡಿದದ್ದು ನೆನಪಿರಬಹುದು. 2021ರ ನವೆಂಬರ್‌ನಲ್ಲಿ ಇಂಥ ವ್ಯವಸ್ಥೆಗಳು ಒಂದರ ಬೆನ್ನಿಗೆ ಒಂದು ಬಂದವು. ನಿಮ್ಮ ಯಲಹಂಕದಲ್ಲೇ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿತ್ತು. ಆದ್ದರಿಂದ ನಿಮ್ಮ ತಂದೆಯವರ ಹಿಂಜರಿಕೆಯನ್ನು ನಾನಂತೂ ಹಳೆಯ ಕಾಲದ ಭಯವೆಂದು ತಳ್ಳಿಹಾಕಲಾರೆ.

ಇನ್ನೊಂದು ಮಾತು. ಹವಾಮಾನ ಇಲಾಖೆಯವರು ಎಷ್ಟು ಕಡೆ ಮಳೆಯಾಯಿತೆಂದು ಲೆಕ್ಕ ಹಾಕುವಾಗ 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದ ಕೇಂದ್ರಗಳನ್ನಷ್ಟೇ ಪರಿಗಣಿಸುತ್ತಾರೆ. ಅದಕ್ಕಿಂತ ಕಡಿಮೆಯ ತುಂತುರು ಅವರ ಲೆಕ್ಕಕ್ಕೆ ಬಾರದಿದ್ದರೂ ಕೊಯ್ದಿಟ್ಟ ತೆನೆಯನ್ನು ನೆನೆಸುವುದಕ್ಕೆ ಸಾಕು.

ಉತ್ತರ 2 (ಮಾಗಡಿ)

ಮೇಲಿನವರು ಮಳೆಯ ವಿಚಾರ ಹೇಳಿದ್ದಾರೆ. ಇಬ್ಬನಿಯ ವಿಚಾರ ಬಿಟ್ಟುಹೋಗಿದೆ. ಆಕಾಶ ತಿಳಿಯಾಗಿದ್ದು ಗಾಳಿ ನಿಂತ ರಾತ್ರಿಗಳಲ್ಲಿ, ಅಕ್ಟೋಬರ್ ಮಳೆಯ ತೇವ ನೆಲದಲ್ಲಿ ಇನ್ನೂ ಉಳಿದಿರುವಾಗ, ಒಂದು ಹನಿ ಮಳೆಯಿಲ್ಲದೆಯೂ ಬೆಳಗಿನ ಹೊತ್ತಿಗೆ ಅರಿಗಳು ಒದ್ದೆಯಾಗಿರುತ್ತವೆ. (ಅವರೆಯ ಸೊಗಡಿಗೆ ಇದೇ ಇಬ್ಬನಿ ಬೇಕೆಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ, ರಾಗಿಗೆ ಅದರಿಂದ ಉಪಕಾರವೇನೂ ಇಲ್ಲ.) ಬಿಸಿಲೇರಿ ಇಬ್ಬನಿ ಆರಿದ ಮೇಲೆ ಕುಡುಗೋಲು ಹಿಡಿಯಲಿ. ಹಗಲಿನ ಬಿಸಿಲು ಚೆನ್ನಾಗಿದ್ದರೆ ರಾತ್ರಿಯ ತೇವ ಮಧ್ಯಾಹ್ನದೊಳಗೆ ಹೋಗುತ್ತದೆ, ಅದರಿಂದ ಕಾಳಿಗೆ ಕೇಡಿಲ್ಲ. ಕೇಡಾಗುವುದು ಅವಸರಪಟ್ಟು ಹಸಿಯಾಗಿಯೇ ಮೆದೆ ಹಾಕಿದಾಗ: ಒಳಗೆ ಕಾವು ಹೆಚ್ಚಿ ಬೂಷ್ಟು ಹಿಡಿಯುತ್ತದೆ, ಹುಲ್ಲು ಕಪ್ಪಾಗುತ್ತದೆ, ಅದನ್ನು ದನ ಮೂಸಿಯೂ ನೋಡುವುದಿಲ್ಲ. ಚೆನ್ನಾಗಿ ಒಣಗಿಸಿ, ತೆನೆ ಒಳಮುಖವಾಗಿ ಒಟ್ಟಿದ ಮೆದೆಯಾದರೆ ಸಣ್ಣಪುಟ್ಟ ತುಂತುರಿಗೆ ಜಗ್ಗುವುದಿಲ್ಲ.

ಹಾಗೆಂದು ಕಾಯುತ್ತ ಕೂರುವುದೂ ಸರಿಯಲ್ಲ. ಬಲಿತ ತೆನೆ ಹೊಲದಲ್ಲೇ ಉದುರತೊಡಗಿದರೆ ಆ ನಷ್ಟಕ್ಕೆ ಮಳೆಯನ್ನು ದೂರುವಂತಿಲ್ಲ. ಈಗ ಅರ್ಧ ಹೊಲ ಕೊಯ್ಸಿ, ಅದು ಮೆದೆಗೇರಿದ ಮೇಲೆ ಉಳಿದರ್ಧಕ್ಕೆ ಕೈ ಹಾಕಿ.

ಉತ್ತರ 3 (ರಾಜಾಜಿನಗರ)

ಫೋನಿನಲ್ಲಿ ಕಾಣುವ ಸೂರ್ಯನ ಚಿತ್ರವನ್ನು ನೆಚ್ಚಿಕೊಳ್ಳಬೇಡಿ. ಬೆಂಗಳೂರು ನಗರಕ್ಕೆ ಹೇಳಿದ್ದು ದೊಡ್ಡಬಳ್ಳಾಪುರಕ್ಕೂ ಹೊಂದಬೇಕೆಂದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನು ಇಟ್ಟಿದೆ. ರೈತರಿಗಾಗಿಯೇ ಇರುವ ಅದರ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿ ನಿಮ್ಮ ಹೋಬಳಿಯ ಹೆಸರು ಹೇಳಿ ಕೇಳಬಹುದು. ಮುಂದಿನ ವಾರಗಳ ಒಟ್ಟಾರೆ ಒಲವು ತಿಳಿಯಬೇಕಾದರೆ ಹವಾಮಾನ ಇಲಾಖೆ ಗುರುವಾರಗಳಂದು ಹೊರಡಿಸುವ ವಿಸ್ತೃತ ಅವಧಿಯ ಮುನ್ಸೂಚನೆಯನ್ನೂ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಅರ್ಧ ಹೊಲವೆಂದರೆ ತಂದೆಯವರೂ ಒಪ್ಪಿದ್ದಾರೆ, ನಾಳಿದ್ದು ಆಳುಗಳು ಬರುತ್ತಾರೆ. ಮಾಗಡಿಯವರಲ್ಲಿ ಒಂದು ಸಂದೇಹ: ನಡುವೆ ಮೋಡ ಕವಿದರೆ ಅರಿಗಳ ಮೇಲೆ ಟಾರ್ಪಾಲು ಹೊದಿಸಬಹುದೇ?

ಉತ್ತರ 2 (ಮಾಗಡಿ)

ಹರಡಿದ ಅರಿಗಳ ಮೇಲೆ ಬೇಡ, ಅಷ್ಟಗಲ ಟಾರ್ಪಾಲೂ ಸಿಗುವುದಿಲ್ಲ. ಮೋಡ ಕಂಡರೆ ಸಣ್ಣ ಸಣ್ಣ ಗುಡ್ಡೆ ಮಾಡಿ ಅವುಗಳ ಮೇಲೆ ಹೊದಿಸಿ. ಬಿಸಿಲು ಬಂದೊಡನೆ ತೆಗೆದು ಮತ್ತೆ ಹರಡಿಸಿ, ಇಲ್ಲದಿದ್ದರೆ ಒಳಗೇ ಬೆವರುತ್ತದೆ.