ಸಹಾಯ ಬೇಕು: ಕಲಬುರಗಿಯಾಗ ಸಿಗರೇಟು, ವೇಪ್ (ಇ-ಸಿಗರೇಟು) ಬಿಟ್ಟವರು ಯಾರಾದ್ರೂ ಇದ್ದೀರೇನ್ರಿ?

ಎಲ್ಲರಿಗೂ ಶರಣ್ರಿ. ನನ್ನ ತಮ್ಮ ಸಿಗರೇಟು ಬಿಡ್ತೀನಂತ ವೇಪ್ ಹಿಡಿದ, ಈಗ ಎರಡೂ ನಡದಾವ. 2019ರಿಂದ ದೇಶದಾಗ ಇ-ಸಿಗರೇಟು ಮಾರೋದು ಬಂದ್ ಅದ, ಆದ್ರೂ ಹೆಂಗೋ ಸಿಗ್ತದ. ಅದರಾಗ ನಿಕೋಟಿನ್ ಎಷ್ಟದ ಅನ್ನೋದು ಸೇದೋನಿಗೇ ಗೊತ್ತಿಲ್ಲ.

ಬಿಡೋ ಮನಸ್ಸು ಅವನಿಗೇ ಬಂದದ. 1800-11-2356 ಸಹಾಯವಾಣಿಗೆ ಮಾತಾಡ್ಯಾನ, ಅದಕ್ಕ ರೊಕ್ಕ ಹತ್ತಂಗಿಲ್ಲ. ಮೆಡಿಕಲ್‌ನಿಂದ 2 ಎಂಜಿ ನಿಕೋಟಿನ್ ಗಮ್ಮೂ ತಂದೀವಿ. ಮೊದಲ ದಿನ ಬಬಲ್ ಗಮ್ ಹಂಗ ಕಚಕಚ ಅಗದು, ಉಗುಳು ನುಂಗಿ, ಬಿಕ್ಕಳಿಸ್ಕೋತ ಕುಂತಿದ್ದ! ನಿಧಾನ ಅಗದು, ಖಾರ ಅನಿಸಿದ ಕೂಡ್ಲೇ ಗಲ್ಲದ ಸಂದ್ಯಾಗ ಇಟ್ಕೋಬೇಕಂತ. ಚಹಾ, ಕಾಫಿ ಕುಡದ ಕೂಡ್ಲೇ ಹಾಕ್ಕೊಂಡ್ರ ಸರಿ ಕೆಲಸ ಮಾಡಂಗಿಲ್ಲ.

ತ್ರಾಸ ಇರೋದು ಸಂಜೀಗೆ. ಸೂಪರ್ ಮಾರ್ಕೆಟ್ ಕಡೆ ದೋಸ್ತರ ಜೋಡಿ ಚಹಾಕ್ಕ ನಿಂತ ಅಂದ್ರ ಮುಗೀತು. ಯಾರಾದ್ರೂ ಬಿಟ್ಟವರು ಆ ಹೊತ್ತಿಗೆ ಅಪ್ಪನ ಕೆರೆ ಕಡೆ ಅವನ ಜೋಡಿ ವಾಕಿಂಗ್ ಬರ್ತೀರೇನ್ರಿ? ಸರ್ಕಾರಿ ದವಾಖಾನ್ಯಾಗ ತಂಬಾಕು ಬಿಡಿಸೋ ಆಪ್ತಸಮಾಲೋಚನೆಗೆ ಹೋಗಿ ಬಂದವರಿದ್ರ ಯಾವ ದಿನ, ಯಾವ ರೂಮು ಅಂತ ತಿಳಸ್ರಿ.

ಬೈಗುಳ ಮನ್ಯಾಗ ಬೇಕಾದಷ್ಟು ಆಗ್ಯಾವ. ಬದಲಿಗೆ ಗುಟ್ಕಾ ತಿನ್ಲಿ ಅನ್ನೋ ಸಲಹೆನೂ ಬ್ಯಾಡ್ರಿ, ನಮ್ಮ ಕಾಕಾರು ಆಗಲೇ ಕೊಟ್ಟಾರ.