‘ಅಕ್ಷರ’ ಅಂದರೆ ಎಷ್ಟು? ‘ಕೊಲೇಶನ್’ಗೆ ಏನನ್ನೋಣ?

ನಮಸ್ಕಾರ. ಡೇಟಾಬೇಸ್ ಅಪ್‌ಗ್ರೇಡ್ ಮಾಡುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳು ಮುಂದಕ್ಕೆ ಹೋಗಲು ಬಿಡುತ್ತಿಲ್ಲ.

ಮೊದಲನೆಯದು ‘ಕ್ಯಾರೆಕ್ಟರ್’. ಸುಮ್ನೆ ‘ಅಕ್ಷರ’ ಎಂದು ಬರೆದುಬಿಟ್ಟಿದ್ದೆ. ಆದರೆ ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರ? ಮೂರು, ಅಲ್ವಾ? ಡೇಟಾಬೇಸ್ ಐದು ಎಣಿಸುತ್ತದೆ: ಕ, ನ, ಒತ್ತು ಕೂಡಿಸುವ ಚಿಹ್ನೆ, ಮತ್ತೊಂದು ನ, ಡ. ಚಿಹ್ನೆಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಹಾಗಾಗಿ ‘ಈ ಕಾಲಂ 50 ಅಕ್ಷರ ಹಿಡಿಯುತ್ತದೆ’ ಎಂದು ಬರೆದರೆ ಓದುಗರಿಗೆ ತಪ್ಪು ಲೆಕ್ಕ ಕೊಟ್ಟಂತೆ. ‘ಲಿಪಿಚಿಹ್ನೆ’ ಎನ್ನಬಹುದೇ? ‘ಅಕ್ಷರ’ವನ್ನು ನಾವು ಬಾಯಲ್ಲಿ ಎಣಿಸುವುದಕ್ಕೇ ಉಳಿಸಿಕೊಳ್ಳಬೇಕು ಎಂಬುದು ನನ್ನ ಆಸೆ.

‘ಕ್ಯಾರೆಕ್ಟರ್ ಸೆಟ್’ಗೆ ‘ಅಕ್ಷರಗಣ’ ಎನ್ನುವುದೂ ಅದೇ ಕಾರಣಕ್ಕೆ ಒಗ್ಗುತ್ತಿಲ್ಲ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಹಳೆಯ ‘ಯುಟಿಎಫ್8’ ಒಂದು ಚಿಹ್ನೆಗೆ 3 ಬೈಟ್ ದಾಟುವುದಿಲ್ಲ. ಕನ್ನಡ ಅದರಲ್ಲಿ ಕೂರುತ್ತದೆ, 4 ಬೈಟ್ ಬೇಕಾದ ಎಮೋಜಿ ಕೂರುವುದಿಲ್ಲ. ಅದಕ್ಕೇ ‘ಯುಟಿಎಫ್8ಎಂಬಿ4’ ಬಂತು. 8.0 ಆವೃತ್ತಿಯಿಂದ ನಾವೇನೂ ಹೇಳದಿದ್ದರೆ ಸಿಗುವುದು ಅದೇ. ಅದಕ್ಕೆ ಮುಂಚೆ ಸಿಗುತ್ತಿದ್ದದ್ದು ‘ಲ್ಯಾಟಿನ್1’. ಇಲ್ಲೆಲ್ಲ ಮಾತು ಇರುವುದು ಬೈಟ್‌ಗಳಲ್ಲಿ ಬರೆದಿಡುವ ಬಗೆಯ ಬಗ್ಗೆ. ಆದ್ದರಿಂದ ‘ಬರಹಬಗೆ’ ಎಂದು ಬರೆದುಕೊಂಡಿದ್ದೇನೆ.

ನಿಜವಾದ ತೊಡಕು ‘ಕೊಲೇಶನ್’ನದು, ಅಂದರೆ ಪದಗಳನ್ನು ಹೋಲಿಸಿ ಸಾಲಾಗಿ ನಿಲ್ಲಿಸುವ ನಿಯಮದ್ದು. ಮೊದಲ ಕರಡಿನಲ್ಲಿ ‘ಅನುಕ್ರಮ ಬದಲಾಗಿದ್ದರೆ ಇಂಡೆಕ್ಸ್ ಮತ್ತೆ ಕಟ್ಟಿ’ ಎಂದು ಬರೆದಿದ್ದೆ. ಓದಿದ ಗೆಳೆಯರೊಬ್ಬರು ಅದನ್ನು ಬಿಟ್ಟು ಮುಂದೆ ಹೋದರು. ‘ಪಟ್ಟಿ ಯಾವ ಕ್ರಮದಲ್ಲಿ ಕಂಡರೇನು, ಅಲಂಕಾರದ ಮಾತು ತಾನೇ’ ಅಂದರು. ತಪ್ಪು ಅವರದ್ದಲ್ಲ, ನನ್ನ ಪದದ್ದು. ದಾಖಲೆ ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಪಟ್ಟಿಯೇ ಇಂಡೆಕ್ಸ್. ಅದರೊಳಗೆ ಪದಗಳು ಒಂದು ನಿಯಮದ ಪ್ರಕಾರ ಸಾಲಾಗಿರುತ್ತವೆ. ನಿಯಮ ಬದಲಾದರೆ ಹುಡುಕುವವರು ಬೇರೆ ಜಾಗ ನೋಡುತ್ತಾರೆ. ಇರುವ ದಾಖಲೆಯೇ ‘ಇಲ್ಲ’ ಎಂದು ಬರುತ್ತದೆ. ಒಂದೇ ಇರಬೇಕಾದ ಹೆಸರು ಎರಡು ಸಲ ಸೇರಿಕೊಳ್ಳಬಹುದು. ಪೋಸ್ಟ್‌ಗ್ರೆಸ್‌ ಡೇಟಾಬೇಸ್ ಬಳಸುವವರಿಗೆ ಇದು ಗೊತ್ತು: 2018ರಲ್ಲಿ ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.28 ಈ ನಿಯಮಗಳನ್ನು ಬದಲಿಸಿತು. ಡೇಟಾಬೇಸ್ ಮುಟ್ಟದೆ ಆಪರೇಟಿಂಗ್ ಸಿಸ್ಟಮ್ ಮಾತ್ರ ಅಪ್‌ಗ್ರೇಡ್ ಮಾಡಿದರೂ ಇಂಡೆಕ್ಸ್ ಕೆಡುವಂತಾಯಿತು.

ನಮ್ಮಲ್ಲಿ ‘ಅಕಾರಾದಿ’ ಎಂಬ ಒಳ್ಳೆಯ ಪದ ಮೊದಲೇ ಇದೆ. ಆದರೆ ಅದು ವರ್ಣಮಾಲೆಯ ಕ್ರಮಕ್ಕೆ ಅಂಟಿಕೊಂಡಿದೆ. ಲೊಕೇಲ್ ಅಂದರೆ ಭಾಷೆ, ಪ್ರದೇಶಕ್ಕೆ ತಕ್ಕ ನಿಯಮಗಳ ಹೊಂದಿಕೆ. ‘ಸಿ’ ಎಂಬ ಲೊಕೇಲ್‌ನಲ್ಲಿ ಸಾಲು ನಿಲ್ಲುವುದು ಬೈಟ್ ಲೆಕ್ಕದಲ್ಲಿ. ಎಲ್ಲ ಲಿಪಿಗಳ ಚಿಹ್ನೆಗಳಿಗೂ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಳ ಇರುವುದು ಲ ಮತ್ತು ವ ನಡುವೆ. ಹಾಗಾಗಿ ಅಲ್ಲಿ ‘ಬಳೆ’ ಮೊದಲು, ‘ಬಹಳ’ ಆಮೇಲೆ. ವರ್ಣಮಾಲೆಯಲ್ಲಿ ಹ ಆದ ಮೇಲೆ ಳ, ಅಂದರೆ ತಿರುಗುಮುರುಗು. ಬೈಟ್ ಲೆಕ್ಕದ ಸಾಲನ್ನು ಅಕಾರಾದಿ ಎಂದು ಕರೆಯಲು ನನಗೆ ಮನಸ್ಸಾಗುತ್ತಿಲ್ಲ.

‘ಸಾಲುಕಟ್ಟಳೆ’ ಹೇಗೆ? ‘ಕಟ್ಟಳೆ’ ಇದ್ದರೆ ಅದು ನೋಟದ ವಿಷಯವಲ್ಲ, ಪಾಲಿಸಬೇಕಾದ ನಿಯಮ ಎಂದು ಹೊಳೆಯುತ್ತದೆ. ಇಂಗ್ಲಿಷಿನ ದೊಡ್ಡ ‘ಎ’, ಚಿಕ್ಕ ‘ಎ’ ಎರಡೂ ಒಂದೇ ಎಂದು ಹೇಳುವ ಕೆಲಸವೂ ಅದರೊಳಗೆ ಹಿಡಿಸುತ್ತದೆ ಎಂದುಕೊಂಡಿದ್ದೇನೆ. ಕಿವಿಗೆ ಒರಟಾಗಿ ಕೇಳಿಸುತ್ತದೆಯೇ?

‘ಲೊಕೇಲ್’ ಅನ್ನು ಹಾಗೇ ಬಿಟ್ಟಿದ್ದೇನೆ. ‘ಸ್ಥಳೀಯತೆ’ ಎಂದರೆ ಭಾಷೆ ಮರೆತು ಜಾಗವಷ್ಟೇ ನೆನಪಾಗುತ್ತದೆ. ನೀವು ಯಾರಾದರೂ ಬೇರೆ ಪದ ಬಳಸುತ್ತಿದ್ದರೆ, ಅದನ್ನು ಬಳಸಿದ ಒಂದು ವಾಕ್ಯದ ಸಮೇತ ತಿಳಿಸಿ.