ಬಾಡಿಗೆ ಫ್ಲ್ಯಾಟಿನ ಗೋಡೆಗೆ ಮೊಳೆ ಹೊಡೆಯದೆ ಮನೆಯನ್ನು ಅಂದಗೊಳಿಸುವುದು ಹೇಗೆ?

ವಿಜಯನಗರದ ಬಾಡಿಗೆದಾರಳು:

ಬೆಂಗಳೂರಿನ ವಿಜಯನಗರದಲ್ಲಿ ಎರಡು ಕೋಣೆಗಳ ಫ್ಲ್ಯಾಟೊಂದಕ್ಕೆ ಇತ್ತೀಚೆಗಷ್ಟೇ ಬಂದಿದ್ದೇವೆ. ಗೋಡೆಗೆ ಮೊಳೆ ಹೊಡೆಯಬಾರದು, ಡ್ರಿಲ್ ಹಾಕಬಾರದು ಎಂದು 11 ತಿಂಗಳ ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಕೊಟ್ಟಿರುವ ಅಡ್ವಾನ್ಸ್ ಸಣ್ಣ ಮೊತ್ತವಲ್ಲವಾದ್ದರಿಂದ ಮಾಲೀಕರಿಗೆ ಅದನ್ನು ಹಿಡಿದುಕೊಳ್ಳಲು ನೆಪ ಒದಗಿಸುವ ಮನಸ್ಸು ನನಗಿಲ್ಲ. ಆದರೆ ಹಾಲಿನ ಉದ್ದನೆಯ ಗೋಡೆ ಬಿಳಿಚಿಕೊಂಡು ನಿಂತಿದೆ, ಕಿಟಕಿಗಳಿಗೆ ರಾಡ್ ಇದ್ದರೂ ಪರದೆಯಿಲ್ಲ. ತವರಿನಿಂದ ಬಂದ ಹಳೆಯ ಹತ್ತಿ ಸೀರೆಗಳ ದೊಡ್ಡದೊಂದು ಗಂಟು ಮನೆಯಲ್ಲಿದೆ. ಅದರಲ್ಲಿ ಎರಡು ಇಳಕಲ್ ಸೀರೆಗಳೂ ಸೇರಿವೆ. ಇವುಗಳನ್ನು ಹೇಗೆ ಬಳಸಿಕೊಳ್ಳಬಹುದು? ಅಂಟಿಸುವ ಹುಕ್ಕುಗಳನ್ನು ನಂಬಬಹುದೆ? ಒಟ್ಟು ಖರ್ಚು 2,000 ರೂಪಾಯಿ ದಾಟದಂತೆ ಸಲಹೆ ಕೊಡಬೇಕೆಂದು ಕೋರುತ್ತೇನೆ.

ಸುಣ್ಣಬಣ್ಣ:

ಹುಕ್ಕು ಕೊಳ್ಳುವ ಮೊದಲು ಗೋಡೆಗೆ ಯಾವ ಬಣ್ಣ ಬಳಿದಿದ್ದಾರೆಂಬುದನ್ನು ತಿಳಿದುಕೊಳ್ಳಿ. ಬಾಗಿಲಿನ ಹಿಂದೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಒದ್ದೆ ಬಟ್ಟೆಯಿಂದ ಸ್ವಲ್ಪ ಒತ್ತಿ ಉಜ್ಜಿ ನೋಡಿ. ಬಟ್ಟೆಗೆ ಹಿಟ್ಟಿನಂತೆ ಬಣ್ಣ ಹತ್ತಿದರೆ ಅದು ಬಹುಮಟ್ಟಿಗೆ ಡಿಸ್ಟೆಂಪರ್ ಅಥವಾ ಸುಣ್ಣ. ಹತ್ತದಿದ್ದರೆ ಎಮಲ್ಶನ್ ಎಂದುಕೊಳ್ಳಬಹುದು. ಬಾಡಿಗೆಗೆಂದೇ ಬಳಿಸಿದ ಮನೆಗಳಲ್ಲಿ ಅಗ್ಗದ ಡಿಸ್ಟೆಂಪರ್ ಇರುವುದೇ ಹೆಚ್ಚು. ಅಂಥ ಗೋಡೆಗೆ ಅಂಟಿಸಿದ ಹುಕ್ಕು ಗೋಡೆಯನ್ನು ಹಿಡಿದಿರುವುದಿಲ್ಲ, ಬಣ್ಣದ ಪುಡಿಯನ್ನಷ್ಟೇ ಹಿಡಿದಿರುತ್ತದೆ. ಹಾಗಾಗಿ ತೆಗೆಯುವಾಗ ಅಂಗೈಯಗಲದ ಹಪ್ಪಳವೇ ಎದ್ದು ಬರುತ್ತದೆ. ಮೊಳೆಯ ತೂತಿಗಿಂತ ಅದು ಎದ್ದು ಕಾಣುತ್ತದೆ.

ಎಮಲ್ಶನ್ ಆಗಿದ್ದರೆ, ಎಳೆದಾಗ ಹಿಗ್ಗಿ ಬಿಟ್ಟುಕೊಳ್ಳುವಂಥ ಪಟ್ಟಿಯ ಹುಕ್ಕುಗಳು ಸಾಕು, ಆದರೆ ಪಟ್ಟಿಯನ್ನು ನಿಮ್ಮ ಕಡೆಗೆ ಎಳೆಯದೆ ಗೋಡೆಗೆ ಒರಗಿಸಿಕೊಂಡೇ ನಿಧಾನವಾಗಿ ಕೆಳಕ್ಕೆ ಎಳೆಯಬೇಕು. ಅಡುಗೆಮನೆಯ ಟೈಲ್ಸ್ ಮೇಲೆ ಮಾತ್ರ ಯಾವ ಅಂಜಿಕೆಯೂ ಬೇಡ. ಎಣ್ಣೆಯ ಜಿಡ್ಡನ್ನು ಒರೆಸಿ ಅಂಟಿಸಿದರೆ ಆಯಿತು.

ಇನ್ನೊಂದು ಮಾತು. ನಿಮ್ಮ ಕರಾರನ್ನು ಮತ್ತೊಮ್ಮೆ ಓದಿ. ಬೆಂಗಳೂರಿನ ಅನೇಕ ಕರಾರುಗಳಲ್ಲಿ, ಮನೆ ಬಿಡುವಾಗ ಪೇಂಟಿಂಗ್ ಖರ್ಚಿಗೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವ ಷರತ್ತಿರುತ್ತದೆ. ಗೋಡೆಯನ್ನು ಕನ್ನಡಿಯಂತೆ ಇಟ್ಟುಕೊಂಡರೂ ಆ ಹಣ ಹೋಗುವುದೇ ಆದರೆ, ಗಡಿಯಾರಕ್ಕೊಂದು, ದೇವರ ಪಟಕ್ಕೊಂದು ಮೊಳೆಗೆ ಒಪ್ಪಿಗೆ ಕೇಳುವುದರಲ್ಲಿ ಸಂಕೋಚವೇನು? ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಧಾರವಾಡದ ಕೌದಿ:

ಇಳಕಲ್ ಸೀರೆಗಳಿಗೆ ದಯವಿಟ್ಟು ಕತ್ತರಿ ಹಾಕಬೇಡಿ. ಆ ಸೀರೆಯ ಒಡಲಿನ ಹಾಸುನೂಲನ್ನೂ (ಉದ್ದಕ್ಕೆ ಹಾಸುವ ನೂಲು) ಸೆರಗಿನ ಹಾಸುನೂಲನ್ನೂ ಕೊಂಡಿಯಂತೆ ಒಂದಕ್ಕೊಂದು ಸಿಕ್ಕಿಸಿ ನೇಯ್ದಿರುತ್ತಾರೆ, ಅದೇ ಅದರ ವಿಶೇಷ. ಸೆರಗು ರೇಷ್ಮೆಯದಾದರೆ ಬಿಸಿಲಿಗೆ ಬೇಗ ಬಣ್ಣಗೆಡುತ್ತದೆ, ಆದ್ದರಿಂದ ಕಿಟಕಿಗೆ ಅದು ಸಲ್ಲದು. ತೋಪು ತೆನೆ ಎಂಬ ವಿನ್ಯಾಸದ ಸೆರಗು ಹೊರಗೆ ಕಾಣುವಂತೆ ಮಡಿಸಿ ದಿವಾನದ ಬೆನ್ನಿಗೆ ಹಾಸಿರಿ, ಅಷ್ಟೇ ಸಾಕು.

ಉಳಿದ ಹತ್ತಿ ಸೀರೆಗಳಲ್ಲಿ ಗಟ್ಟಿಯಾಗಿರುವುದನ್ನು ಪರದೆಗೆ ಆರಿಸಿಕೊಳ್ಳಿ. ಸೀರೆಯ ಉದ್ದ ಸುಮಾರು ಐದೂವರೆ ಮೀಟರ್. ಏಳಡಿಯ ಬಾಗಿಲಿಗೆ ಮೇಲಿನ ಮಡಿಕೆ, ಕೆಳಗಿನ ಮಡಿಕೆ ಸೇರಿ ಎರಡು ಮೀಟರ್ 40 ಸೆಂಟಿಮೀಟರ್ ಹಿಡಿದರೆ ಒಂದು ಸೀರೆಯಲ್ಲಿ ಎರಡು ಪರದೆಗಳಾಗಿ, ಸೆರಗಿನ ಕಡೆ ಮುಕ್ಕಾಲು ಮೀಟರಿಗೆ ತುಸು ಕಡಿಮೆ ಉಳಿಯುತ್ತದೆ. ಅದನ್ನು ಮೇಜಿನ ಹಾಸಾಗಿಯೋ ದಿಂಬಿನ ಗವುಸಾಗಿಯೋ ಮಾಡಿಕೊಳ್ಳಬಹುದು. ಮೇಲೆ ರಾಡ್ ತೂರುವಷ್ಟು ಅಗಲದ ನೇಫೆ ಬಿಟ್ಟು ಹೊಲಿದರೆ ರಿಂಗುಗಳ ಖರ್ಚೂ ಇಲ್ಲ. ಅಂಚು ಎರಡೂ ಬದಿಗೆ ಬರುವುದರಿಂದ ಪಕ್ಕದ ಹೊಲಿಗೆಯೂ ಬೇಕಾಗುವುದಿಲ್ಲ.

ಜೀರ್ಣವಾದ ಸೀರೆಗಳು ಕೌದಿಗೆ, ಅಂದರೆ ಹಳೆಯ ಬಟ್ಟೆಗಳನ್ನು ಸೇರಿಸಿ ಹೊಲಿಯುವ ಹೊದಿಕೆಗೆ. ಮೆತ್ತಗಾದ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಇಟ್ಟುಕೊಳ್ಳುತ್ತ, ಅಂಚಿನಿಂದ ಶುರು ಮಾಡಿ ನಡುವಿನ ಕಡೆಗೆ ಸುತ್ತುಸುತ್ತಾಗಿ ಎಳೆಹೊಲಿಗೆ ಹಾಕುತ್ತ ಹೋಗಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಹೆಂಗಸರು ಹೀಗೆಯೇ ಹೊಲಿದು, ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿದ ಹೂವುಗಳನ್ನು ಇಡುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ದಿನಕ್ಕೆ ಒಂದು ಗಂಟೆಯಂತೆ ಕೂತರೂ ದೊಡ್ಡ ಕೌದಿಗೆ ವಾರಗಳೇ ಹಿಡಿಯುತ್ತವೆ, ಆದ್ದರಿಂದ ತೊಟ್ಟಿಲಿನ ಅಳತೆಯದನ್ನು ಮೊದಲು ಮಾಡಿ ನೋಡಿರಿ.

ವಿಜಯನಗರದ ಬಾಡಿಗೆದಾರಳು:

ಇಬ್ಬರಿಗೂ ಧನ್ಯವಾದಗಳು. ಬಟ್ಟೆಗೆ ಬಣ್ಣ ಹತ್ತಿತು, ಹಾಗಾಗಿ ಹುಕ್ಕಿನ ಆಸೆ ಬಿಟ್ಟಿದ್ದೇನೆ. ಕೌದಿಯನ್ನು ಹಾಲಿನ ಗೋಡೆಗೆ ತೂಗುಹಾಕಬೇಕೆಂದರೆ ಬೇರೆ ದಾರಿ ಉಂಟೆ? ಮಲೆನಾಡಿನ ಚಿತ್ತಾರವನ್ನು ಗೋಡೆಯ ಬದಲು ಹಾರ್ಡ್‌ಬೋರ್ಡ್ ಮೇಲೆ ಬರೆಯಬಹುದೆ ಎಂಬ ಯೋಚನೆಯೂ ಇದೆ.

ಸಾಗರದ ಕಡೆಯವನು:

ಚಿತ್ತಾರದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಬರೆಯುತ್ತಾರೆ. ನಯವಾದ ಹಾರ್ಡ್‌ಬೋರ್ಡ್ ಮೇಲೆ ಬರಿಯ ಅಕ್ಕಿಹಿಟ್ಟು ನಿಲ್ಲುವುದಿಲ್ಲ, ಒಣಗಿ ಉದುರುತ್ತದೆ, ಜಿರಲೆಗಳನ್ನೂ ಕರೆಯುತ್ತದೆ. ಬೋರ್ಡೇ ಬೇಕೆಂದರೆ ಅದರ ಒರಟು ಮೈಗೆ ಕೆಮ್ಮಣ್ಣನ್ನು ಸ್ವಲ್ಪ ಫೆವಿಕಾಲ್ ಬೆರೆಸಿದ ನೀರಿನಲ್ಲಿ ಕಲಸಿ ಬಳಿಯಿರಿ, ಬಿಳಿಗೂ ಹಾಗೆಯೇ ಮಾಡಿರಿ.

ಆದರೆ ನನ್ನ ಕೇಳಿದರೆ ಬೋರ್ಡಿಗಿಂತ ಬುಟ್ಟಿ ಮೇಲು. ಚಿತ್ತಾರ ಗೋಡೆಗೆ ಮಾತ್ರ ಸೇರಿದ್ದಲ್ಲ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಅದನ್ನು ಬರೆಯುತ್ತಾರೆ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಗೆರೆ ಎಳೆಯುತ್ತಾರೆ. ಬೆಂಗಳೂರಿನಲ್ಲಿ ಸಗಣಿಯ ಬದಲು ಹಳೆಯ ಪತ್ರಿಕೆಯನ್ನು ನೆನೆಸಿ ರುಬ್ಬಿದ ಮುದ್ದೆಯನ್ನು ಗಂಜಿಯಲ್ಲಿ ಕಲಸಿ ಸಾರಿಸಿದರೂ ಸಂದುಗಳು ಮುಚ್ಚುತ್ತವೆ. ಗೆರೆಗಳನ್ನು ಅಡಿಯಿಂದ ಬಾಯಿಯ ಕಡೆಗೆ ಎಳೆಯಿರಿ, ಕೈ ತಾಗಿ ಅಳಿಸುವುದಿಲ್ಲ. ದಿನಪತ್ರಿಕೆ ಇಡಲು, ನೂಲುಂಡೆ ಇಡಲು ಆಗುತ್ತದೆ, ಮನೆ ಬದಲಾಯಿಸುವಾಗ ಅದರೊಳಗೇ ಸಾಮಾನು ತುಂಬಿಕೊಂಡು ಹೊರಡಬಹುದು.

ಕೌದಿಯ ವಿಷಯ: ಬೇಂಬೂ ಬಜಾರಿನಲ್ಲಿ ಗಟ್ಟಿ ಬಿದಿರಿನ ಏಣಿಯೊಂದನ್ನು ಕೊಂಡು ಗೋಡೆಗೆ ಒರಗಿಸಿ, ಮೇಲಿನ ಮೆಟ್ಟಿಲಿಗೆ ಕೌದಿಯನ್ನು ಇಳಿಬಿಡಿ. ಗೋಡೆಗೆ ತಾಗುವ ತುದಿಗಳಿಗೆ ಹಳೆಯ ಬಟ್ಟೆ ಸುತ್ತಿ, ಇಲ್ಲದಿದ್ದರೆ ನಿಮ್ಮ ಡಿಸ್ಟೆಂಪರಿನ ಮೇಲೆ ಗೀರು ಮೂಡುತ್ತದೆ. ಕೆಳಗೆ ಜಾರದಂತೆ ಸೈಕಲ್ ಟ್ಯೂಬಿನ ತುಂಡು ಕಟ್ಟಿ.

ಸುಣ್ಣಬಣ್ಣ:

ಏಣಿಯ ಸಲಹೆ ಒಪ್ಪಿಗೆಯಾಯಿತು. ಆದರೆ ಮನೆಯಲ್ಲಿ ತೆವಳುವ ಮಗುವಿದ್ದರೆ ಏಣಿ ಬೇಡ. ಅಂಥ ಮನೆಯಲ್ಲಿ ಕೌದಿಯನ್ನು ನೆಲಕ್ಕೇ ಹಾಸಿಬಿಡಿ, ಮಗುವಿಗೂ ಹಿತ. ಏನೇ ಇಡುವ ಮೊದಲು ಗೋಡೆಗಳ ಈಗಿನ ಸ್ಥಿತಿಯನ್ನು ದಿನಾಂಕ ಕಾಣುವಂತೆ ಫೋಟೋ ತೆಗೆದು ಮಾಲೀಕರಿಗೆ ಇಂದೇ ಕಳಿಸಿ. ಹಿಂದಿನವರು ಹೊಡೆದ ಮೊಳೆಯ ತೂತುಗಳಿದ್ದರೆ ಅವುಗಳನ್ನು ಹತ್ತಿರದಿಂದಲೇ ತೆಗೆಯಿರಿ.